ತೊಕ್ತಾಸಿನ್ ಮೊಳೆ ಹೊಡೆದ ಬೋರ್ಡು

ತೊಕ್ತಾಸಿನ್ ಜನವರಿ ಹತ್ತೊಂಬತ್ತರ ಗುರುವಾರ ಮಧ್ಯಾಹ್ನ ಕರಗಂಡ ಎಂಬ ಗಣಿ ಊರಿನ ತನ್ನ ಮನೆಯಲ್ಲಿ ತೀರಿಕೊಂಡ. ಐವತ್ತಮೂರು ವರ್ಷ. ಕಲ್ಲಿದ್ದಲ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದ. ಶ್ವಾಸಕೋಶ ಅಲ್ಲೇ ಹಾಳಾಗಿತ್ತು. ಚಳಿಗೆ ಹೊರಗೆ ನಿಲ್ಲಬೇಡ ಎಂದು ಡಾಕ್ಟರು ಎರಡು ಸಲ ಬರೆದುಕೊಟ್ಟಿದ್ದರು. ಅವನು ಆ ಚೀಟಿಗಳ ಹಿಂದೆ ವೋಲ್ಟೇಜ್ ಗುರುತು ಹಾಕಿಕೊಳ್ಳುತ್ತಿದ್ದ.

ಗಣಿ ಬಿಟ್ಟ ಮೇಲೆ ಬಜಾರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡಿದ. ಹುಚ್ಚು ಮಾತ್ರ ಬೇರೆ: ತಯಾರಿಸಿದವರು ಹೇಳಿದ್ದಕ್ಕಿಂತ ವೇಗವಾಗಿ ಕಂಪ್ಯೂಟರ್ ಓಡಿಸುವುದು. ವೇಗ ಏರಿಸಿದಾಗ ಪ್ರೊಸೆಸರ್ ತಡವರಿಸುತ್ತದೆ. ಅದು ಕೂತ ಮದರ್‌ಬೋರ್ಡಿನಲ್ಲಿ ವೋಲ್ಟೇಜ್ ಏರಿಸಿದರೆ ಚೇತರಿಸಿಕೊಳ್ಳುತ್ತದೆ, ಆದರೆ ಕುದಿಯುತ್ತದೆ. ಅದಕ್ಕೇ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿದ ದಿನ ಅದೇ ಹುಚ್ಚಿನ ನಾವೆಲ್ಲ ಯಂತ್ರ ಹೊತ್ತುಕೊಂಡು ಅವನ ಐದನೆಯ ಮಹಡಿಯ ಬಾಲ್ಕನಿಗೆ ಹೋಗುತ್ತಿದ್ದೆವು. ಅವನ ಹೆಂಡತಿ ಕೆಂಜೆಗುಲ್ ಬಾಗಿಲ ಸಂದಿಯಿಂದ ಹಾಲು ಚಹಾ ಕೊಟ್ಟು ಬೈದು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಆ ಬಾಲ್ಕನಿಗೆ ಒಂದು ನಿಯಮವಿತ್ತು. ಬೋರ್ಡು ಸತ್ತರೆ ಅದನ್ನು ಹಲಗೆ ಗೋಡೆಗೆ ಮೊಳೆ ಹೊಡೆದು ತೂಗುಹಾಕಬೇಕು. ಕೊಂದದ್ದು ಯಾವುದು ಎಂದು ಒಡೆಯನೇ ಅದರ ಮೇಲೆ ಬರೆಯಬೇಕು. 'ಚಳಿಯಿಂದ ಒಳಗೆ ತಂದೆ, ಬೆವರಿತು' ಎಂದು ಒಂದರ ಮೇಲಿದೆ. ನನ್ನದು ಸತ್ತಾಗ, ಕರೆಂಟು ಹೆಚ್ಚುಕಮ್ಮಿಯಾಯಿತು ಎಂದು ಸುಳ್ಳು ಹೇಳಿದ್ದೆ. ಅವನು ಮಾರ್ಕರ್ ನನ್ನ ಮುಂದಿಟ್ಟು ಚಹಾ ಕುಡಿಯತೊಡಗಿದ. ಮೂರನೆಯ ಲೋಟದ ಹೊತ್ತಿಗೆ, ಮಿತಿ ಮೀರಿ ನಾನೇ ಏರಿಸಿದ್ದ 1.58 ವೋಲ್ಟನ್ನು ಬರೆದೆ.

ಈ ಚಳಿಗಾಲದ ಆರಂಭದಲ್ಲಿ ಅಲ್ಮಾಟಿ ನಗರದ ಸಂಜಾರ್ ಎಂಬವನು ಒಂದು ವಿಡಿಯೊ ಹಾಕಿದ. ಯಂತ್ರ ತಣ್ಣಗಿದ್ದರೆ 1.6 ವೋಲ್ಟಿಗೂ ಹೆದರಬೇಕಿಲ್ಲ ಎಂಬುದು ಅವನ ಮಾತು. ನಮ್ಮೂರಿನವರು ಅದನ್ನು ನಂಬಿಯೇಬಿಟ್ಟರು; ಚಳಿ ಇಲ್ಲಿ ಪುಕ್ಕಟೆ ತಾನೆ. ಡಿಸೆಂಬರಿನಲ್ಲಿ ಆರು ಸತ್ತ ಬೋರ್ಡುಗಳು ತೊಕ್ತಾಸಿನ್‌ನ ಅಂಗಡಿಗೆ ಬಂದವು. ಜನವರಿಯ ಮೊದಲ ವಾರ ಅವನು ಊರಿನ ಆನ್‌ಲೈನ್ ಗುಂಪಿನಲ್ಲಿ ಇದು ತಪ್ಪು ಎಂದು ಬರೆದ. ಸಂಜಾರ್ ಉತ್ತರಿಸಿದ: "ಬಾಲ್ಕನಿ ತಾತ, ಚಳಿಗೆ ಕೆಮ್ಮು ಬರೋದು ನಿಮಗೆ, ಬೋರ್ಡಿಗಲ್ಲ." ನಮ್ಮವರೇ ನಕ್ಕರು.

ಮರುದಿನ ಅವನು ತನ್ನ ಅತ್ಯುತ್ತಮ ಬೋರ್ಡನ್ನು ಬಾಲ್ಕನಿಗೆ ತಂದ. ಅದರ ಮೇಲೆಯೇ ಅವನು ದೇಶದ ವೇಗದ ಪಟ್ಟಿಯಲ್ಲಿ ನಾಲ್ಕನೆಯವನಾದದ್ದು. ಫೆಬ್ರವರಿಯ ಸ್ಪರ್ಧೆಗೆ ಹೆಸರು ಕೊಟ್ಟಿದ್ದೂ ಅದನ್ನೇ ನಂಬಿ. ವೋಲ್ಟೇಜ್ 1.6ಕ್ಕೆ ಇಟ್ಟು, ಸಾಯುವವರೆಗೆ ಓಡಿಸಿ, ಪ್ರತಿದಿನದ ಅಳತೆಯನ್ನು ಎಲ್ಲರಿಗೂ ತೋರಿಸುವುದಾಗಿ ಹೇಳಿದ.

"ಯಾವುದಾದ್ರೂ ಹಳೇದನ್ನ ಹಾಕು ಮಾರಾಯ," ಎಂದೆ.

"ಹಳೇದು ಸತ್ರೆ, ಹಳೇದಾಗಿತ್ತು ಬಿಡು ಅಂತಾರೆ. ಇದಕ್ಕೆ ಹಾಗನ್ನೋಕೆ ಯಾರಿಗೂ ಬಾಯಿ ಬರಲ್ಲ."

ಮೊದಲ ನಾಲ್ಕು ದಿನ ಅದು ಕುದುರೆಯಂತೆ ಓಡಿತು. ಮುಟ್ಟಿದರೆ ತಣ್ಣಗಿತ್ತು. ಗುಂಪಿನಲ್ಲಿ ತಾತನಿಗೆ ಕಂಬಳಿ ಕಳಿಸಿ ಎಂದು ಗೇಲಿ ನಡೆಯಿತು. ಅವನು ಕುರಿಚರ್ಮದ ಕೋಟು ತೊಟ್ಟು ದಿನಕ್ಕೆ ಮೂರು ಸಲ ಹೊರಗೆ ನಿಂತು ಅಳತೆ ಬರೆದ.

"ಆ ತಗಡು ಎಷ್ಟು ತಡಕೊಳ್ಳುತ್ತೆ ಅಂತ ಲೆಕ್ಕ ಇಡ್ತೀರಿ," ಎಂದಳು ಕೆಂಜೆಗುಲ್. "ನಿಮ್ಮೆದೆ ಎಷ್ಟು ತಡಕೊಳ್ಳುತ್ತೆ ಅಂತ ಯಾರು ಇಡ್ತಾರೆ?"

"ಅದರ ಒಡೆಯನೂ ನಾನೇ ಕಣೇ."

ಐದನೆಯ ದಿನ ಯಂತ್ರ ಒಮ್ಮೆ ನಿಂತಿತು. ಎಂಟನೆಯ ದಿನ ಅದೇ ವೋಲ್ಟೇಜಿಗೆ ಹಿಂದಿನ ವೇಗ ಬರಲಿಲ್ಲ. ಇನ್ನಷ್ಟು ಕೊಟ್ಟರೆ ಬರುತ್ತದೆ ಎಂದು ಯಾರೋ ಬರೆದರು. ಕುಡುಕನಿಗೂ ಹಾಗೇ ಅನ್ನಿಸುವುದು ಎಂದು ಅವನು ಉತ್ತರಿಸಿದ. ಈಗಲೂ ತಣ್ಣಗಿದೆಯಲ್ಲ, ಹಾಗಾದರೆ ಏನು ಕೊಲ್ಲುತ್ತಿದೆ ಎಂದು ನಾನು ಕೇಳಿದೆ.

"ಗಣೀಲಿ ಬೆಂಕಿ ಕಂಡ್ರೆ ಓಡ್ತೀವಿ. ವಾಸನೆ ಇಲ್ಲದ ಗಾಳಿ ಕೂತಲ್ಲೇ ಕೊಲ್ಲುತ್ತೆ. ಚಳಿ ಬಿಸೀನ ತಿನ್ನುತ್ತೆ, ವೋಲ್ಟೇಜನ್ನ ತಿನ್ನಲ್ಲ."

ಅವನು ತೀರಿಕೊಂಡ ಏಳನೆಯ ದಿನದ ಊಟಕ್ಕೆ ಬಂದವರಲ್ಲಿ ನಕ್ಕವರೂ ಇದ್ದರು. ಒಬ್ಬೊಬ್ಬರೇ ಬಾಲ್ಕನಿಗೆ ಹೋಗಿ ಗೋಡೆ ನೋಡಿ ಬಂದರು. ಒಬ್ಬ ಅಲ್ಲಿಂದಲೇ ಮನೆಗೆ ಫೋನ್ ಮಾಡಿ, ಕಂಪ್ಯೂಟರ್ ಆರಿಸು, ನಾನು ಬಂದು ವೋಲ್ಟೇಜ್ ಇಳಿಸ್ತೀನಿ ಎಂದ. ಆ ಫೋನ್ ಮಾಡಿದವನು ಓದಿದ ಬರಹ ಗೋಡೆಗೆ ಬಂದದ್ದು ಹೀಗೆ.

ಪರೀಕ್ಷೆಯ ಹನ್ನೊಂದನೆಯ ದಿನ, ಅವನು ತೀರಿಕೊಂಡ ಗುರುವಾರದ ಬೆಳಿಗ್ಗೆ, ಯಂತ್ರ ಚಾಲೂ ಆಗಲೇ ಇಲ್ಲ. ತೊಕ್ತಾಸಿನ್ ನನ್ನನ್ನು ಕರೆಸಿದ. ಬೋರ್ಡಿನ ಬ್ಯಾಟರಿ ತೆಗೆದು ಹಾಕಿದೆವು, ಎಲ್ಲವನ್ನೂ ಮಾಮೂಲಿಗೆ ಇಳಿಸಿ ನೋಡಿದೆವು. ಇಲ್ಲ. ಮಾರ್ಕರಿನ ಮಸಿ ಹೆಪ್ಪುಗಟ್ಟಿತ್ತು. ಅದನ್ನು ಕಂಕುಳಲ್ಲಿ ಬಿಸಿ ಮಾಡಿಕೊಂಡು ಬೋರ್ಡಿನ ಮೇಲೆ ಬರೆದ: '1.6. ಹನ್ನೊಂದು ದಿನ. ಚಳಿಯಲ್ಲೇ. ತೊಕ್ತಾಸಿನ್.'

ಅವನ ಉಸಿರು ಸಿಳ್ಳೆ ಹಾಕುತ್ತಿತ್ತು. ನಾನು ಸುತ್ತಿಗೆಗೆ ಕೈ ಚಾಚಿದೆ.

"ನಿಂದಿನ್ನೊಂದು ಸತ್ತಾಗ ನೀನು ಹೊಡಿ," ಎಂದ.

ಒಂದೊಂದು ಮೊಳೆಗೂ ಗೋಡೆಗೆ ಒರಗಿ ಸುಧಾರಿಸಿಕೊಂಡ. ನಾಲ್ಕನೆಯದು ಸೊಟ್ಟಗಾಯಿತು. ಕಿತ್ತು, ಹೊಸ್ತಿಲ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ, ಮತ್ತೆ ಹೊಡೆದ.