ತಾಮು ಅಜ್ಜಿಯ ಗಂಟೆ

ತರೂದಾಂತ್ ಊರಿನ ನಮ್ಮ ಗಲ್ಲಿಯ ತಾಮು ಅಜ್ಜಿಯ ಸೈಕಲ್ಲಿಗೂ ಬ್ರೇಕಿಲ್ಲ, ಬಾಯಿಗೂ ಇಲ್ಲ. ಹಿಂದೆ ಬೀದಿಯವರೆಲ್ಲ ರೊಟ್ಟಿ ಸುಡಿಸುವ ಒಲೆಗೆ ಒಯ್ಯುವ, ನಾದಿದ ಹಿಟ್ಟಿನ ಹಲಗೆ, ಮುಂದೆ ಪುದೀನ, ಒಮ್ಮೊಮ್ಮೆ ಜೀವಂತ ಕೋಳಿ. "ಸರಿಯೋ, ಕತ್ತೆ! ನಿನಗಲ್ಲಪ್ಪ, ನಿನ್ನ ಯಜಮಾನನಿಗೆ!" ಎಂದು ದಾರಿಗೆ ಅಡ್ಡ ನಿಂತ ಕತ್ತೆಗೆ ಕೂಗುತ್ತಾಳೆ. ದೊಡ್ಡ ಸಂತೆಯಲ್ಲಿ ಟೊಮೆಟೊ ಅಗ್ಗವಾದರೂ ಗಲ್ಲಿ ದಾಟುವುದಿಲ್ಲ, ಇಳಿದು ನಿಂತಾಗಲೂ ಗಂಟೆ ಬಾರಿಸುತ್ತಲೇ ಇರುತ್ತಾಳೆ. ರಂಜಾನಿನ ಸಂಜೆ, ಉಪವಾಸ ಬಿಡುವ ಹೊತ್ತು ಹತ್ತಿರವಾಗಿ ಎಲ್ಲರ ತಲೆ ಒಲೆಯಷ್ಟೇ ಕಾದಿರುವಾಗಲೂ ಅದೇ ಟ್ರಿಣ್ ಟ್ರಿಣ್. "ನಿಲ್ಸಜ್ಜಿ, ತಲೆ ಸಿಡೀತಿದೆ!" ಎಂದು ಒಲೆಯಲ್ಲಿ ರೊಟ್ಟಿ ಸುಡುವ ಹಸ್ಸೂನ್ ಮೊನ್ನೆ ಕಿರುಚಿದ. "ನಿಲ್ಸಿದ್ರೆ ನಮ್ಮ ಮುದುಕ ಹೊರಟುಬಿಡ್ತಾನೆ ಕಣೋ" ಎಂದಳು. ಕಣ್ಣು ಕಾಣದ ಗಂಡ ಬಾಗಿಲಲ್ಲಿ ಕೂತು ಆ ಗಂಟೆಯನ್ನೇ ಆಲಿಸುತ್ತಿರುತ್ತಾನೆ. ಹಿಂದೊಮ್ಮೆ ಅವಳು ಬಿದ್ದು ಗಂಟೆ ನಿಂತಾಗ, ಹುಡುಕಿಕೊಂಡು ದೊಡ್ಡ ರಸ್ತೆಗೆ ಬಂದವನು ಲಾರಿಗೆ ಸಿಗುವುದರಲ್ಲಿದ್ದ. ಆ ಸಂಜೆ ಬಿಸಿ ರೊಟ್ಟಿಯನ್ನು ಹಲಗೆಗೆ ಜೋಡಿಸಲು ಅಜ್ಜಿಯ ಎರಡೂ ಕೈ ಬೇಕಾದಾಗ, ಹಸ್ಸೂನ್ ಗೊಣಗುತ್ತಲೇ ಹೊರಬಂದು ತಾನೇ ಗಂಟೆ ಬಾರಿಸುತ್ತ ನಿಂತ.