ಪೈಪಿಲ್ಲದ ಮೋಟರ್

ನಮ್ಮ ಮನೆಯ ಕೆಳಗೆ, ಬಾಡಿಗೆದಾರರ ಬೈಕುಗಳ ಸಾಲಿನ ಕೊನೆಯಲ್ಲಿ, ದೋಣಿಯ ಹಿಂಭಾಗಕ್ಕೆ ಕಟ್ಟುವ ಹಳೆಯ ಪೆಟ್ರೋಲ್ ಮೋಟರ್ ಒಂದಿದೆ. ದೋಣಿ ಇಲ್ಲ. ಎಂದೂ ಇರಲಿಲ್ಲ. ಬೆಂಗಳೂರಿನ ಜೆ.ಪಿ. ನಗರದಲ್ಲಿ ದೋಣಿಯ ಅಗತ್ಯ ಬೀಳುವುದು ಮಳೆಗಾಲದಲ್ಲಿ ಮುಖ್ಯರಸ್ತೆ ದಾಟುವಾಗ ಮಾತ್ರ. ಆಗಲೂ ಮುಂದೆ ಟ್ರಾಫಿಕ್ ನಿಂತಿರುವುದರಿಂದ ಮೋಟರ್ ಬೇಕಾಗುವುದಿಲ್ಲ.

ಇದನ್ನು ತಂದವರು ನಮ್ಮಪ್ಪ. ಪುಟ್ಟೇನಹಳ್ಳಿ ಕೆರೆಯ ಆಚೆ ನಮ್ಮ ಹೊಲಗಳಿದ್ದ ಕಾಲ. ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ನಾವು ಬಾಡಿಗೆ ಬೆಳೆಯುತ್ತೇವೆ, ಅದು ಬೇರೆ ವಿಷಯ. ಬಾವಿಗೊಂದು ಪಂಪ್ ಬೇಕೆಂದು ಪೇಟೆಯ ಹರಾಜಿಗೆ ಹೋದ ಅಪ್ಪ, ತಲೆಯಲ್ಲಿ ಎಂಜಿನ್, ಉದ್ದ ಕಾಲು, ಕಾಲಿನ ತುದಿಯಲ್ಲಿ ಫ್ಯಾನಿನಂಥ ರೆಕ್ಕೆ ಇದ್ದ ಈ ವಸ್ತುವನ್ನು ಕಂಡು, ನೀರಿಗಿಳಿಸಿದರೆ ನೀರೆತ್ತದೆ ಇನ್ನೇನು ಮಾಡೀತು ಎಂದು ಕೊಂಡು ತಂದರು. ಬಾವಿಗಿಳಿಸಿದರು. ಅದು ನೀರನ್ನು ಅಲ್ಲೇ ಗಿರಗಿರನೆ ಕಲಕಿ, ಕಪ್ಪೆಗಳಿಗೆಲ್ಲ ತಲೆಸುತ್ತು ಬರಿಸಿ, ಕೆಟ್ಟು ನಿಂತಿತು. ಅದು ದೋಣಿಯ ಮೋಟರ್ ಎಂದು ಊರಿಗೆಲ್ಲ ಗೊತ್ತಾದ ಮೇಲೂ ಅಪ್ಪ ಒಪ್ಪಲಿಲ್ಲ.

"ಪಂಪೇ ಇದು. ಪೈಪ್ ಕೊಡೋದ್ ಮರ್ತವ್ರೆ" ಎಂದರು. ಇಂದಿಗೂ ಅದೇ ಮಾತು.

ಅಂದಿನಿಂದ ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬರು, "ಗೌಡ್ರೇ, ದೋಣಿ ಎಲ್ ಕಟ್ಟಿದೀರ?" ಎಂದು ಕೇಳುವುದು, ಅಪ್ಪ ಎಲೆಯ ಮೇಲಿನ ಪಾಯಸ ಬಿಟ್ಟು ಏಳುವುದು ನಡೆದೇ ಇದೆ. ಈ ನೆಂಟರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಮಾಷೆಗೂ ಒಂದು ವಾಯಿದೆ ಬೇಡವೆ?

ಹೋದ ವರ್ಷ, ಆ ಜಾಗದಲ್ಲಿ ಇನ್ನೊಂದು ಬೈಕ್ ನಿಲ್ಲಿಸಬಹುದು ಎಂಬ ಮಹಾ ಸತ್ಯವನ್ನು ನನ್ನ ತಮ್ಮ ಕಂಡುಹಿಡಿದ. "ಆಯುಧಪೂಜೆ ಮುಗೀತಿದ್ದಂಗೆ ಇದು ಗುಜರಿಗೆ" ಎಂದು ಘೋಷಿಸಿದ. ಅಪ್ಪ ಜಗಳವಾಡಲಿಲ್ಲ. ನನ್ನನ್ನು ಕರೆದು ಮೆಲ್ಲಗೆ, "ಒಂದ್ಸಲ ಓಡ್ಸಿ ತೋರ್ಸು ಮಗಾ. ಕೆಲ್ಸಕ್ಕೆ ಬಾರದ್ದು ತಂದ ಅನ್ನಿಸ್ಕೊಂಡು ನಾನ್ ಹೋಗ್ಬಾರ್ದು" ಎಂದರು. ಎಂಬತ್ತು ದಾಟಿದ ಮನುಷ್ಯ ಹೀಗೆ ಕೇಳಿದಾಗ ಒಪ್ಪಿಕೊಂಡೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಅದೇ ಮನೆಯ ಮೇಲಿನ ಮಹಡಿಯಲ್ಲಿ ನನ್ನ ಸಂಸಾರ. ನಮ್ಮ ಮನೆಯವರ ಲೆಕ್ಕದಲ್ಲಿ ಭೌತಶಾಸ್ತ್ರ ಎಂದರೆ ಮಿಕ್ಸಿ ರಿಪೇರಿ.

ಬಿಟಿಎಂನಿಂದ ಸ್ಕೂಟರ್ ಮೆಕ್ಯಾನಿಕ್ ಒಬ್ಬನನ್ನು ಕರೆಸಿದೆ. ಅವನು ಒಂದು ಸುತ್ತು ಹಾಕಿ, "ಮೇಡಂ, ಇದ್ರ ಚಕ್ರ ಎಲ್ಲಿ?" ಎಂದ. ಆಮೇಲೆ ಕಾರ್ಬುರೇಟರ್ ತೊಳೆದು, ಪ್ಲಗ್ ಬದಲಿಸಿ, "ಇನ್ನು ದೇವ್ರಿದಾನೆ" ಎಂದು ಹೊರಟುಹೋದ. ಉಳಿದದ್ದನ್ನು ವಿಡಿಯೋ ನೋಡಿ ಕಲಿತೆ. ಅದರಲ್ಲಿ ಬಿಳಿಗಡ್ಡದ ದೊರೆಗಳು ತಿಳಿನೀರಿನ ಸರೋವರದ ಮುಂದೆ ಕುಳಿತು ಮೋಟರಿನ ಮೈ ಸವರುತ್ತಾರೆ. ನಮಗೆ ಟ್ಯಾಂಕರ್ ನೀರು ತುಂಬಿಡುವ ನೀಲಿ ಡ್ರಮ್ಮೇ ಸರೋವರ.

ಡ್ರಮ್ಮಿನ ಅಂಚಿಗೆ ಹಲಗೆ ಬಿಗಿದು, ಮೋಟರಿನ ಕಾಲು ನೀರಿನಲ್ಲಿ ಮುಳುಗುವಂತೆ ಕಟ್ಟಿ, ಎಂಜಿನ್ ತಿರುಗಿಸುವ ಹಗ್ಗ ಎಳೆದೆ. ಎಳೆದೂ ಎಳೆದೂ ನನ್ನ ರಟ್ಟೆ ಬಿದ್ದುಹೋಗುವ ಹೊತ್ತಿಗೆ ಅದು ಕೆಮ್ಮಿ, ಹೊಗೆ ಕಾರಿ, ಶುರುವಾಯಿತು! ಅಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ಆದರೆ ಮರುಗಳಿಗೆಯೇ ನಾನು ಅದನ್ನು ನಿಲ್ಲಿಸಬೇಕಾಯಿತು. ಈ ಮೋಟರ್ ತನ್ನ ಮೈ ತಣ್ಣಗಿಟ್ಟುಕೊಳ್ಳಲು ಕೆಳಗಿನಿಂದ ನೀರು ಹೀರಿ, ಪಕ್ಕದ ಸಣ್ಣ ತೂತಿನಿಂದ ಒಂದು ಧಾರೆಯನ್ನು ಉಗುಳುತ್ತಿರಬೇಕು. ಧಾರೆ ಕಾಣದಿದ್ದರೆ ಓಡಿಸಬಾರದು. ಒಳಗೆ ಸುಟ್ಟು ಹಿಡಿದುಕೊಂಡೀತು. ನಮ್ಮದು ಹನಿಯನ್ನೂ ಉಗುಳಲಿಲ್ಲ. ನೀರು ಎಳೆಯುವ ಒಳಗಿನ ರಬ್ಬರ್ ಚಕ್ರವನ್ನು ಜೆ.ಸಿ. ರಸ್ತೆಯಲ್ಲಿ ಹೊಸದಾಗಿ ಮಾಡಿಸಿ ಹಾಕಿದೆ. ಆಗಲೂ ಇಲ್ಲ. ತಮ್ಮ ಬಹಳ ಮರುಗಿದವನ ಹಾಗೆ ತಲೆಯಾಡಿಸಿ, ಗುಜರಿಯವನಿಗೆ ಫೋನ್ ಮಾಡಿದ.

ಆಯುಧಪೂಜೆಯ ಬೆಳಿಗ್ಗೆ ಅಮ್ಮ ಕುಂಕುಮದ ತಟ್ಟೆ ಹಿಡಿದು ಕೆಳಗೆ ಬಂದಳು. ಕಾರು, ಬೈಕುಗಳು, ಈಳಿಗೆಮಣೆ, ನನ್ನ ಸ್ಕ್ರೂಡ್ರೈವರ್ ಎಲ್ಲದರ ಪೂಜೆ ಆಯಿತು. ಕೊನೆಗೆ ಡ್ರಮ್ಮಿನ ಬಳಿ ನಿಂತು, ಮೋಟರಿನ ಪಕ್ಕೆಯ ಒಂದು ಜಾಗಕ್ಕೆ ಒದ್ದೆ ಕುಂಕುಮವನ್ನು ಭಕ್ತಿಯಿಂದ ಒತ್ತಿದಳು. ನಾನು ಅವಳ ಬೆರಳನ್ನೇ ನೋಡಿದೆ.

"ಅಮ್ಮಾ, ಪ್ರತಿ ವರ್ಷ ಅಲ್ಲೇ ಇಡ್ತೀಯಾ?"

"ಇನ್ನೆಲ್ ಇಡ್ಲಿ? ಬೊಟ್ಟಿಡಕ್ಕೆ ಅಂತಲೇ ಗುಳಿ ಮಾಡವ್ರಲ್ಲ."

ಅದೇ ತೂತು. ಹಬ್ಬಕ್ಕೊಂದು ಪದರದಂತೆ ಕುಂಕುಮ ಕಲ್ಲಾಗಿ ಕೂತಿತ್ತು. ನಮ್ಮ ತಾರಸಿಯ ಸೋರಿಕೆಯನ್ನು ಯಾವ ಮೇಸ್ತ್ರಿಯೂ ಇಷ್ಟು ಚೆನ್ನಾಗಿ ಮುಚ್ಚಿಕೊಟ್ಟಿಲ್ಲ.

ಸೇಫ್ಟಿ ಪಿನ್ ಕೊಡು ಎಂದೆ. ಅಮ್ಮ ಮೋಟರಿಗೆ ಅಡ್ಡ ನಿಂತಳು. "ಹಬ್ಬದ ದಿನ ಕುಂಕುಮ ಕೆರೀತಾಳಂತೆ! ಯಜಮಾನ್ರು ಕಣ್ಮುಂದೇನೆ ಕೂತವ್ರೆ!"

"ಕೆರೀಲಿ ಬಿಡೇ, ನಂಗೇನಾಗಲ್ಲ" ಎಂದು ಯಜಮಾನರು ಪ್ಲಾಸ್ಟಿಕ್ ಕುರ್ಚಿಯಿಂದ ಹೇಳಿದರು.

ಕುಂಕುಮಕ್ಕೂ ಗಂಡನ ಆಯಸ್ಸಿಗೂ ಸಂಬಂಧವಿಲ್ಲ ಎಂದು ಅಮ್ಮನಿಗೆ ಪಾಠ ಮಾಡುವಷ್ಟು ದಡ್ಡಿಯಲ್ಲ ನಾನು. ರಾಜಿ ಆಯಿತು. ಮೊದಲು ಒಂದು ಗೇಣು ಮೇಲೆ ಹೊಸ ಬೊಟ್ಟು, ಆಮೇಲೆ ಹಳೆಯದಕ್ಕೆ ಪಿನ್ನು. ಹೊಸದನ್ನು ಇಟ್ಟು, ದೊಡ್ಡದಾಗಿ ಕೈಮುಗಿದು, ಅಮ್ಮನೇ ಬಳೆಯಿಂದ ಪಿನ್ನು ಬಿಚ್ಚಿಕೊಟ್ಟಳು.

ಕೆರೆದು ಮುಗಿಸಿ ಹಗ್ಗ ಎಳೆದೆ. ಮೋಟರ್ ಗುಡುಗಿತು. ಮೊದಲು ಕೆಂಪು ನೀರು ಜಿನುಗಿತು, ಅಮ್ಮ ಕಣ್ಣು ಮುಚ್ಚಿಕೊಂಡಳು. ಆಮೇಲೆ ತಿಳಿನೀರಿನ ಧಾರೆ ಚಿಮ್ಮಿ ಅಪ್ಪನ ಪಂಚೆಯನ್ನು ನೆನೆಸಿತು.

ಅಪ್ಪ ಧಾರೆಗೆ ಅಂಗೈ ಒಡ್ಡಿದರು. ಡ್ರಮ್ಮಿನ ತಳದ ನೀರು ಹತ್ತಿ ಬಂದು ಅವರ ಕೈಯಲ್ಲಿ ತುಂಬಿ ಚೆಲ್ಲುತ್ತಿತ್ತು. ನಾನು ಅತ್ತುಬಿಟ್ಟೆ, ಹೊಗೆಯ ನೆಪ ಸಿಕ್ಕಿದ್ದು ಒಳ್ಳೆಯದಾಯಿತು. ಅಷ್ಟರಲ್ಲಿ ತಮ್ಮ ಗುಜರಿಯವನನ್ನು ಕರೆದುಕೊಂಡು ಗೇಟಿನೊಳಗೆ ಬಂದ. ಅಪ್ಪ ತಮ್ಮನಿಗೆ ಕೇಳುವಂತೆ, ಆ ಸದ್ದನ್ನೂ ಮೀರಿಸಿ ಕೂಗಿದರು:

"ನೀರೆತ್ತಾ ಐತೇನೋ, ಇಲ್ವೇನೋ? ಹೋಗು, ಪೈಪ್ ತಗೊಂಬಾ."

ಗುಜರಿಯವನನ್ನು ಗೇಟಿನಲ್ಲೇ ಬಿಟ್ಟು, ಕಾರು ತೊಳೆಯುವ ಪೈಪು ತರಲು ತಮ್ಮ ಓಡಿದ.