ಮುಸುಕಿನ ಕೆಳಗಿನ ಬಾಯಿ

ರೋಮಿನ ನಮ್ಮ ವಿಯಾ ಮಾರ್ಗುತ್ತಾ ಓಣಿಯ ಹಿಂದಿರುವ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಇಪ್ಪತ್ತು ವರ್ಷ ಒಂದೇ ಕಲ್ಲನ್ನು ಹಿಡಿದುಕೊಂಡಿದ್ದವಳು ಸೆತ್ತಿಮಿಯಾ. ಬೇರೆ ಯಾರಾದರೂ ಆ ಕಲ್ಲಿನ ಮೇಲೆ ಬುಟ್ಟಿ ಇಟ್ಟರೆ ಮುಗಿಯಿತು, ಅವರ ಏಳು ತಲೆಮಾರಿನ ಬಂಡವಾಳ ಓಣಿಗೆಲ್ಲ ಕೇಳಿಸುತ್ತಿತ್ತು. ಹೋದ ಫೆಬ್ರವರಿಯಲ್ಲಿ ತೀರಿಕೊಂಡಳು. ಮಣ್ಣು ಮಾಡುವಾಗ ಹೊಸ ಪಾದ್ರಿ ‘ಮೃದು ಮಾತಿನ ಹೆಂಗಸು’ ಎಂದ. ನಮಗೆಲ್ಲ ಒಟ್ಟಿಗೇ ಕೆಮ್ಮು ಬಂತು. ಅವನಿಗೆ ಅವಳ ಪರಿಚಯವೇ ಇರಲಿಲ್ಲ. ನನಗಿತ್ತು. ನಾನು ಒರೇಸ್ತೆ, ಚಿತ್ರಗಳಿಗೆ ಚೌಕಟ್ಟು ಕಟ್ಟುವವನು.

ಅವಳು ಅನೀಯೆನೆ ಕಣಿವೆಯ ಬೆಟ್ಟದೂರಿನವಳು. ಹದಿನಾಲ್ಕಕ್ಕೆ ಅಪ್ಪನ ಜೊತೆ ರೋಮಿಗೆ ಬಂದು, ಚಿತ್ರಕಾರರು ಮುಖ ಹುಡುಕಿಕೊಂಡು ಬರುವ, ‘ಸ್ಪೇನಿನ ಮೆಟ್ಟಿಲು’ ಎಂದು ಕರೆಯುವ ಚೌಕದ ಮೆಟ್ಟಿಲ ಮೇಲೆ ಕೂತಳು. ಆಗ ಮಾದೊನ್ನ ಚಿತ್ರಗಳಿಗೆ ಒಳ್ಳೆಯ ಗಿರಾಕಿ. ಬಾಡಿಗೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹನ್ನೊಂದು ಸಲ ದೇವಮಾತೆಯಾದಳು. ಉಂಬ್ರಿಯಾದ ಯಾವುದೋ ಹಳ್ಳಿಯ ಇಗರ್ಜಿಯಲ್ಲಿ ಇವತ್ತಿಗೂ ಜನ ಅವಳ ಮುಖಕ್ಕೆ ಮೇಣದ ಬತ್ತಿ ಹಚ್ಚುತ್ತಾರಂತೆ. ಆಮೇಲೆ ಒಬ್ಬ ಗಾರೆಯವನನ್ನು ಮದುವೆಯಾದಳು. ಅವನು ಸಾರುವೆಯಿಂದ ಬಿದ್ದು ಸತ್ತ. ಉಳಿದದ್ದು ಒಬ್ಬಳೇ ಮಗಳು, ಎರ್ಸೀಲಿಯಾ.

ಮಗಳು ಹದಿನೇಳಕ್ಕೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಪರದೇಶದಿಂದ ಬಂದವರಿಗೆಲ್ಲ ತುರ್ಕಿ ಹೆಂಗಸಿನ ಚಿತ್ರ ಬೇಕು, ಅರಬ್ಬಿ ಹೆಂಗಸಿನದು ಬೇಕು. ನನ್ನ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಚಿತ್ರಕಾರ ಅತ್ತೀಲಿಯೋ ಮೇಷ್ಟ್ರು ರೋಮಿನ ಹತ್ತಿರದ ಚೀವಿತಾವೆಕ್ಯಾ ಬಂದರು ದಾಟಿದವರಲ್ಲ. ಆದರೂ ಪರದೆಯ ಹಗ್ಗವನ್ನು ಸೊಂಟಕ್ಕೆ ಕಟ್ಟಿಸಿ, ಹಣೆಗೆ ಹಿತ್ತಾಳೆ ಬಿಲ್ಲೆ ತೂಗಿಸಿ, ಡಜನ್‌ಗಟ್ಟಲೆ ಕೈರೋ ಸುಂದರಿಯರನ್ನು ಪ್ಯಾಸ್ಟೆಲ್‌ನಲ್ಲಿ ಬರೆದು ಹಾಕುತ್ತಿದ್ದರು. ಎರ್ಸೀಲಿಯಾ ಅವರ ಹತ್ತಿರ ಚಿತ್ರಕ್ಕೆ ಕೂರುವ ಕೆಲಸಕ್ಕೆ ಹೋದಳು.

“ನಾನು ಮಾದೊನ್ನ ಆಗಿದ್ದವಳು. ನನ್ನ ಹೊಟ್ಟೇಲಿ ತುರ್ಕಿಯವಳು ಹುಟ್ಟಿದ್ಲಲ್ಲಪ್ಪಾ!” ಎಂದು ತಾಯಿ ತೊಟ್ಟಿಯ ಹತ್ತಿರ ಗೊಣಗಿದರೆ, ಮಗಳು “ಸುಮ್ನಿರಮ್ಮ, ತುರ್ಕಿಯವರಿಗೆ ಕೂಸು ಎತ್ಕೊಂಡು ಕೂರೋ ಕಷ್ಟ ಇಲ್ಲ, ದಿಂಬಿಗೆ ಒರಗಿದ್ರೆ ಆಯ್ತು,” ಎನ್ನುತ್ತಿದ್ದಳು. ಮಾತಿನ ಮಲ್ಲಿ ಅವಳು. ಅವಳು ಮೆಟ್ಟಿಲಿಳಿಯುವುದು ಗೊತ್ತಾಗುತ್ತಿದ್ದದ್ದೇ ಮಾತಿನ ಸದ್ದಿನಿಂದ.

ಎರಡನೇ ವರ್ಷ ಆಗಸ್ಟಿನಲ್ಲಿ ಅವಳಿಗೆ ಜ್ವರ ಬಂತು. ಮೂರೇ ದಿನ. ಹತ್ತೊಂಬತ್ತು ತುಂಬಿರಲಿಲ್ಲ. ಅದನ್ನು ನೆನೆದರೆ ನನಗೆ ಇವತ್ತೂ ದೇವರ ಮೇಲೆ ಸಿಟ್ಟು ಬರುತ್ತದೆ.

ಮುಂದಿನ ಮಾರ್ಚಿನಲ್ಲಿ ಒಬ್ಬ ರಷ್ಯಾದ ದೊರೆಸಾನಿ ಮೇಷ್ಟ್ರು ಬರೆದ ಎರ್ಸೀಲಿಯಾಳ ಚಿತ್ರವೊಂದನ್ನು ಕೊಂಡಳು. ಗಾಜು ಹಾಕಲು ನನ್ನ ಅಂಗಡಿಗೆ ಬಂತು. ಶನಿವಾರ ಊರು ಬಿಡುವ ಚಿತ್ರ. ನೀಲಿ ರುಮಾಲು, ಹಣೆಯ ಬಿಲ್ಲೆ, ಎರ್ಸೀಲಿಯಾಳ ಕಣ್ಣು. ಮೂಗಿನಿಂದ ಕೆಳಕ್ಕೆ ಬಿಳಿ ಮುಸುಕು.

ಗುರುವಾರ ಬೆಳಿಗ್ಗೆ ಸೆತ್ತಿಮಿಯಾ ಬಂದಳು. ಏಪ್ರನ್ನಿನ ಮಡಿಲಲ್ಲಿ ಬಿಸಿ ಬ್ರೆಡ್ಡು. ಚಿತ್ರದ ಮುಂದೆ ತುಂಬ ಹೊತ್ತು ನಿಂತಳು. ಒಂದೂ ಬೈಗುಳವಿಲ್ಲ. ನನಗೇ ಭಯವಾಯಿತು.

“ಸೋರ್ ಒರೇಸ್ತೆ, ಈ ಮುಸುಕು ತೆಗೀರಿ.”

“ಏನಂದೆ?”

“ಮೊದ್ಲು ಬಾಯಿ ಬರೀತಾರೆ, ಆಮೇಲೆ ಅದರ ಮೇಲೆ ಬಿಳೀದು ಹಚ್ತಾರೆ ಅಂತ ಅವಳೇ ಹೇಳಿದ್ಲು. ತಪ್ಪಾದ್ರೆ ಬ್ರೆಡ್ಡಿನ ತಿರುಳಲ್ಲಿ ಒತ್ತಿ ತೆಗೀತಾರಂತೆ. ತಂದಿದೀನಿ. ಒಂದೇ ಒಂದ್ಸಲ ನೋಡ್ತೀನಿ, ಮತ್ತೆ ಹಚ್ಚಲಿ. ಕಣ್ಣು ನೆನಪಿದೆ. ಬಾಯಿ ಮರೀತಾ ಇದೆ ಕಣಪ್ಪ. ಏಳೇ ತಿಂಗಳು! ನಾನೆಂಥ ತಾಯಿ?”

ಅವಳು ಹೇಳಿದ್ದು ಹುಚ್ಚು ಮಾತಲ್ಲ. ಪ್ಯಾಸ್ಟೆಲ್ ಅಂದರೆ ಹಾಳೆಗೆ ಹಿಡಿದ ಬಣ್ಣದ ಪುಡಿ, ಅಷ್ಟೇ. ಜೋರಾಗಿ ಸೀನಿದರೆ ಕೆನ್ನೆ ಹಾರಿಹೋಗುತ್ತದೆ. ಮೇಲಿನ ಪದರ ಎಬ್ಬಿಸಬಹುದು. ಕೆಳಗಿನದೂ ಜೊತೆಗೆ ಎದ್ದು ಬರಬಹುದು. ನಾನು ಮುಟ್ಟುವ ಧೈರ್ಯ ಮಾಡಲಿಲ್ಲ. ಬಾಗಿಲಿಗೆ ಹೋಗಿ ಮೇಷ್ಟ್ರನ್ನು ಕೂಗಿದೆ.

ಮೇಷ್ಟ್ರು ಇಳಿದು ಬಂದರು. ವಿಷಯ ಕೇಳಿ ಕೆಂಡವಾಗುತ್ತಾರೆ ಎಂದುಕೊಂಡಿದ್ದೆ. ಆಗಲಿಲ್ಲ. ಸ್ಟೂಲಿನ ಮೇಲೆ ಕೂತು ಬೆರಳಿಗಂಟಿದ ನೀಲಿ ಪುಡಿಯನ್ನು ಒರೆಸಿಕೊಳ್ಳತೊಡಗಿದರು.

“ಸೋರಾ ಸೆತ್ತಿಮಿಯಾ, ಅದರ ಕೆಳಗೆ ಬಾಯಿ ಇಲ್ಲ.”

“ಇದೆ. ಅವಳೇ ಹೇಳಿದಾಳೆ.”

“ಬರೆದೆ. ಮೂರು ಸಲ ಬರೆದೆ, ಮೂರು ಸಲಾನೂ ಅಳಿಸಿದೆ. ಒಂದು ನಿಮಿಷ ತುಟಿ ಕೂಡಿಸ್ತಿರಲಿಲ್ಲ ನಿಮ್ಮ ಹುಡುಗಿ. ಕೊನೆಗೆ ರೇಗಿ ಹೋಗಿ ಮುಸುಕು ಹಾಕಿಬಿಟ್ಟೆ. ಅಲ್ಲಿರೋದು ಬರೀ ಹಾಳೆ.”

ಅವಳ ಕೈಯಲ್ಲಿದ್ದ ಬ್ರೆಡ್ಡು ಹಿಂಡಿ ಮುದ್ದೆಯಾಗಿತ್ತು. ಅದನ್ನು ಹಾಗೇ ಹಿಡಿದುಕೊಂಡು ಕೇಳಿದಳು:

“ಏನು ಮಾತಾಡ್ತಿದ್ಲು?”

ಮೇಷ್ಟ್ರು ನನ್ನ ಮುಖ ನೋಡಿದರು. “ನಾನು ಕಣ್ಣು ನೋಡ್ತಿದ್ದೆ. ಎಲ್ಲಿ ಕೇಳಿಸ್ಕೊಳ್ಳಲಿ?”

“ಒಂದಾದ್ರೂ ನೆನಪಿರಬೇಕು ಮೇಷ್ಟ್ರೇ. ಎರಡು ಚಳಿಗಾಲ ನಿಮ್ಮೆದುರಿಗೆ ಕೂತಿದ್ಲು.”

ಅವರು ಕಣ್ಣು ಮುಚ್ಚಿದರು. ನಿಜವಾಗಿಯೂ ಹುಡುಕುತ್ತಿದ್ದರು, ಆ ಮಟ್ಟಿಗೆ ಮನುಷ್ಯ ಕೆಟ್ಟವರಲ್ಲ. “ಒಂದು ನೆನಪಿದೆ. ಸುಮ್ಮನಿರು ಅಂತ ನಾನು ರೇಗಿದಾಗೆಲ್ಲ ಸೊಂಟಕ್ಕೆ ಕೈ ಕೊಟ್ಕೊಂಡು ಎದ್ದು ನಿಲ್ತಿದ್ಲು. ‘ಬಾಯ್ ಮುಚ್ಚೇ ಎರ್ಸೀಲಿಯಾ, ನೊಣ ಹೋದೀತು! ಮುಚ್ಚೇ ಅಂದ್ರೆ!’ ಅಂತ ನಿಮ್ಮ ದನೀಲೇ ಹೇಳಿ ನಗ್ತಿದ್ಲು. ‘ನೀವೂ ನಮ್ಮಮ್ಮನ ಥರಾನೇ ಮೇಷ್ಟ್ರೇ’ ಅಂತಿದ್ಲು.”

ತೊಟ್ಟಿಯ ಕಡೆಯಿಂದ ಬಟ್ಟೆ ಬಡಿಯುವ ಸದ್ದು ಕೇಳುತ್ತಿತ್ತು.

ಮೇಷ್ಟ್ರು ಎದ್ದು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಕಸುಬಿನವರ ಚಾಳಿ, ಬಿಡದು. “ಒಂದು ಕೆಲಸ ಮಾಡಬಹುದು. ನಿಮ್ಮದೇ ತುಟಿ ಅವಳದು, ನೋಡಿ, ಇದೇ ಅಂಚು. ಮೇಲೆ ಬನ್ನಿ, ಅರ್ಧ ಗಂಟೆ ಕೂತ್ಕೊಳ್ಳಿ. ಬೇರೆ ಹಾಳೇಲಿ ಅವಳ ಮುಖ ಪೂರ್ತಿ ಮಾಡಿಕೊಡ್ತೀನಿ. ದುಡ್ಡು ಬೇಡ.”

ಒಪ್ಪಿಕೋ ಎಂದು ನಾನೂ ಹೇಳಿದೆ. ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತು.

ಅವಳು ಮೇಷ್ಟ್ರ ಕೈಯನ್ನು ಮೆಲ್ಲಗೆ ಸರಿಸಿದಳು. “ಬೇಡ ಮೇಷ್ಟ್ರೇ,” ಎಂದಳು. “ಈ ಬಾಯಿ ಅವಳಿಗೆ ಇಡಬೇಡಿ. ಹುಟ್ಟಿದಾಗಿನಿಂದ ಅವಳ ಬಾಯಿ ಮುಚ್ಚಿಸಿದ್ದೇ ಇದು.”

ಆಮೇಲೆ ನನ್ನ ಕಡೆ ತಿರುಗಿ, “ಗಾಜು ಹಾಕಿ ಸೋರ್ ಒರೇಸ್ತೆ, ಧೂಳು ಕೂರತ್ತೆ,” ಎಂದಳು. ನಾನು ಗಾಜು ಕೂರಿಸಿ ಸುತ್ತಲೂ ಮೊಳೆ ಹೊಡೆದೆ. ಕೊನೆಯ ಮೊಳೆಯವರೆಗೂ ನಿಂತು ನೋಡಿ, ಒಗೆಯುವ ಬಟ್ಟೆ ನೆನೆದಿದೆ ಎಂದು ಹೊರಟಳು.